ಅತ್ತೆಯ ಪಟ್ಟು

ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತಲೇ ಆಯುಸ್ಸು ಕಳೆದ ಡ್ರಿಲ್ ಟೀಚರ್, ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಸೋಫಾ ಹಿಡಿದರು. ಕೂತು ಗೊತ್ತಿಲ್ಲದ ಜೀವ. ಫ್ಯಾನಿನ ಮೇಲೆ ಧೂಳು ಕಂಡರೂ ಸಿಡುಕು, ಬಾಗಿಲು ಕಿರ್ರೆಂದರೂ ಸಿಡುಕು. ಮಗ ಬೇಕರಿಯಲ್ಲಿ ಮುಂಜಾವಿನ ಪಾಳಿ ಮುಗಿಸಿ ಬಂದು ಹಗಲೆಲ್ಲ ಗೊರಕೆ ಹೊಡೆಯುವವನು. ಹಾಗಾಗಿ ಸಿಡುಕನ್ನು ಕೇಳಿಸಿಕೊಳ್ಳುವ ಪಾಲು ಸೊಸೆಯದಾಯಿತು.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಸಂಜೆ ಮನೆಗೆ ಬಂದು ಮುಖ ತೊಳೆದಳೆಂದರೆ ಟಿ.ವಿ. ಮುಂದೆ ಕೂತು ಕಂಟ್ರೋಲರ್ ಕೈಗೆತ್ತಿಕೊಳ್ಳುವಳು. ತೆರೆಯ ಮೇಲೆ ಇಬ್ಬರು ಹೊಡೆದಾಡುವ ಆಟ. ಇರುವ ಹತ್ತಾರು ಪಾತ್ರಗಳಲ್ಲಿ ಅವಳದು ತೆಳ್ಳಗಿನ ಒಬ್ಬ ಒದೆಗಾರ್ತಿ. ಎದುರಾಳಿ ಕೈ ಎತ್ತುವಷ್ಟರಲ್ಲಿ ಒದ್ದು ಹಿಂದೆ ಸರಿದಿರುತ್ತಿದ್ದಳು. ಬಸ್ ನಿಲ್ದಾಣದ ಹಿಂದಿನ ಗೇಮ್ ಅಂಗಡಿಯ ಪಂದ್ಯಗಳಲ್ಲಿ ಸೊಸೆಗೆ ದೊಡ್ಡ ಹೆಸರಿತ್ತು. ಮನೆಯಲ್ಲಿ ಆ ಸುದ್ದಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಇದೂ ಒಂದು ಆಟಾನಾ? ಬೆವರಿಲ್ಲ, ಏದುಸಿರಿಲ್ಲ," ಅಂದರು ಟೀಚರ್ ಒಂದು ಸಂಜೆ.

"ಒಂದು ಸುತ್ತು ಆಡಿ ಅತ್ತೆ. ಆಮೇಲೆ ಬೈಯಿರಿ."

ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದಿದ್ದಾರೆ ಎಂದು ಸೊಸೆ ಹೇಳುವಷ್ಟರಲ್ಲಿ ಸುತ್ತು ಮುಗಿದಿತ್ತು. ಟೀಚರ್ ಅದನ್ನು ಸರಿಯಾಗಿ ಹಿಡಿದು, "ಇನ್ನೊಂದು," ಅಂದರು. ಅದನ್ನೂ ಸೋತರು. ಮಗ ಎದ್ದು ಕೆಲಸಕ್ಕೆ ಹೊರಟು ನಿಂತಾಗಲೂ ಅವರು "ಇನ್ನೊಂದು" ಅನ್ನುತ್ತಲೇ ಇದ್ದರು. ಸೋಲು ಅವರಿಗೆ ಮೈಗೆ ಒಗ್ಗದ ಬಟ್ಟೆ.

ಮೊದಲು ಅಂದ ನೋಡಿ ಪಾತ್ರ ಆರಿಸಿದರು. ಆಮೇಲೆ ವೇಗ ನೋಡಿ ಆರಿಸಿದರು. ಎರಡೂ ಕೈಗೆ ಕೂರಲಿಲ್ಲ. ಪಾತ್ರದ ಓಟಕ್ಕೆ ಬೆರಳು ಸೋಲುತ್ತಿತ್ತು. ಕೊನೆಗೆ ಯಾರೂ ಮುಟ್ಟದ ಮೂಲೆಯಲ್ಲಿ ಒಬ್ಬ ದಢೂತಿ ಕುಸ್ತಿಪಟು ಕಂಡ. ನಡೆದರೆ ನೆಲ ನಡುಗಬೇಕು, ಅಷ್ಟು ಭಾರ, ಅಷ್ಟೇ ನಿಧಾನ.

"ಅವನು ಬೇಡ ಅತ್ತೆ. ಹತ್ತಿರ ಹೋಗೋಷ್ಟರಲ್ಲಿ ಹೆಣ ಆಗಿರ್ತಾನೆ."

"ಹತ್ತಿರ ಹೋದರೆ?"

"ಹೋದರೆ... ಹಿಡಿದು ಎಸೀತಾನೆ. ಎರಡು ಸಲ ಎಸೆದರೆ ಎದುರಿನವರ ಕತೆ ಮುಗೀತು. ಆದರೆ ಆ ಪಟ್ಟು ಹಾಕೋದು ಯಾರ ಕೈಲೂ ಆಗಲ್ಲ."

ಟೀಚರ್ ಅವನಿಗೆ ಗೂಳಿ ಎಂದು ಹೆಸರಿಟ್ಟರು.

ಮಕ್ಕಳಿಗೆ ಕಲಿಸಿದ ಹಾಗೆಯೇ ತಾವೂ ಕಲಿತರು. ಮೊದಲ ವಾರ ಒಂದೇ ಒಂದು ಏಟು ಹೊಡೆಯಲಿಲ್ಲ. ಬಂದ ಏಟನ್ನು ತಡೆಯುವುದಷ್ಟೇ. ಮೇಲಿನಿಂದ ಬಂದರೆ ನಿಂತು, ಕಾಲಿಗೆ ಬಂದರೆ ಕೂತು. "ನಿಲ್ಲೋಕೆ ಬರದವನಿಗೆ ಓಡೋಕೆ ಕಲಿಸ್ತಾರಾ?" ಅಂದರು. ಸೊಸೆ ಒದೆಯುತ್ತಲೇ ಇದ್ದಳು, ಗೂಳಿ ಕೈ ಅಡ್ಡ ಹಿಡಿದು ನಿಂತೇ ಇದ್ದ.

ಆಮೇಲೆ ಶುರುವಾಯಿತು ಆ ದೊಡ್ಡ ಪಟ್ಟಿನ ಕಾಟ. ಕಂಟ್ರೋಲರಿನ ಮೇಲಿರುವ ಪುಟ್ಟ ಕಡ್ಡಿಯನ್ನು ಪೂರಾ ಒಂದು ಸುತ್ತು ತಿರುಗಿಸಿ ಗುಂಡಿ ಒತ್ತಬೇಕು. ಆದರೆ ಕಡ್ಡಿ ಮೇಲಕ್ಕೆ ಹೋದ ಕೂಡಲೇ ಗೂಳಿ ಹಾರಿಬಿಡುತ್ತಿದ್ದ. ಹಾರಿದವನನ್ನು ಸೊಸೆ ಒದ್ದು ಕೆಡವುತ್ತಿದ್ದಳು. ಟೀಚರ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು, ಪ್ಲಾಸ್ಟರ್ ಸುತ್ತಿಕೊಂಡು ಆಡಿದರು. ಹಗಲಲ್ಲಿ ಸೊಸೆ ಕೆಲಸದಲ್ಲಿದ್ದಾಗ, ಮಲಗಿದ ಮಗನಿಗಾಗಿ ಟಿ.ವಿ. ಸದ್ದು ಆರಿಸಿ, ಅಲುಗಾಡದ ಎದುರಾಳಿಯನ್ನು ನಿಲ್ಲಿಸಿ, ತಿರುಗಿಸಿದ್ದೇ ತಿರುಗಿಸಿದ್ದು. ಹೀಗೆ ಆಡುತ್ತ ಆಡುತ್ತ ಅವರಿಗೇ ಹೊಳೆಯಿತು: ಗೂಳಿ ಹಾರಿ ನೆಲಕ್ಕಿಳಿಯುವ ಹೊತ್ತಿನಲ್ಲೇ ಕಡ್ಡಿ ತಿರುಗಿಸಿದರೆ, ಮತ್ತೆ ಹಾರಲು ಅವನಿಗೆ ಸಮಯವೇ ಇರುವುದಿಲ್ಲ.

ಅಂದು ಸಂಜೆ ಒದೆಗಾರ್ತಿ ಗಿರಗಿರನೆ ತಿರುಗಿ ನೆಲಕ್ಕೆ ಬಿದ್ದಳು. ಸೊಸೆ ಬಾಯಿ ತೆರೆದು ಅತ್ತೆಯ ಕಡೆ ನೋಡಿದಳು.

"ಕತ್ತು ಹಿಡಿದು ಎಸೆದೆ ನೋಡು," ಟೀಚರ ಧ್ವನಿ ಬೀದಿಗೆ ಕೇಳಿಸಿತು. "ಏಳು, ಇನ್ನೊಂದು ಸಲ ಎಸೀತೀನಿ."

ಕೆಳಮನೆಯ ದರ್ಜಿ ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. "ಅಕ್ಕಾ, ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಕೈ ಮಾಡೋದು ಬೇಡ."

"ನೀನು ಸುಮ್ನಿರು," ಅಂದರು ಟೀಚರ್. "ಇವಳು ನನಗೆ ತಿಂಗಳಿಂದ ಒದೀತಿದಾಳೆ."

ಸೊಸೆ ನಕ್ಕು ನಕ್ಕು ಸೋಫಾದಿಂದ ಜಾರಿದಳು.

ಗೇಮ್ ಅಂಗಡಿಯಲ್ಲಿ ಭಾನುವಾರ ಪಂದ್ಯವಿದೆ ಎಂದು ಸೊಸೆಯಿಂದ ಗೊತ್ತಾದಾಗ ಟೀಚರ್ ಕೋಲು ಹಿಡಿದು ಹೊರಟೇಬಿಟ್ಟರು. ಸಾಲು ಕುರ್ಚಿಗಳು, ತೆರೆಗಳ ಬೆಳಕು, ಮೀಸೆ ಚಿಗುರುತ್ತಿದ್ದ ಹುಡುಗರು. ಅವರೆಲ್ಲ ಸೊಸೆಯನ್ನು ಕಂಡು ದಾರಿ ಬಿಡುವುದನ್ನು ಟೀಚರ್ ಗಮನಿಸಿದರು. ಮೊದಲ ಎದುರಾಳಿ ಅವರನ್ನು ಕಂಡು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. ಗೂಳಿ ಅವನನ್ನು ಎತ್ತಿ ಎಸೆದ. ಎರಡನೆಯವನು ಕುರ್ಚಿ ಬಿಡಲಿಲ್ಲ. ಗೂಳಿ ಅವನನ್ನೂ ಎಸೆದ. ಮೂರನೆಯ ಪಂದ್ಯಕ್ಕೆ ಹೆಸರು ಕರೆದಾಗ ಎದುರಿಗೆ ಬಂದು ಕೂತವಳು ಸೊಸೆ.

ಮೂರು ಆಟಗಳಲ್ಲಿ ಎರಡು ಗೆದ್ದವರು ಮುಂದಕ್ಕೆ. ಮೊದಲನೆಯದನ್ನು ಟೀಚರ್ ಸುಲಭವಾಗಿ ಗೆದ್ದರು. ಗೆದ್ದವರ ಮುಖ ಗಂಟಿಕ್ಕಿತು.

"ಬೇಕಂತ್ಲೇ ಬಿಟ್ಟೆ ನೀನು."

"ಇಲ್ಲ ಅತ್ತೆ..."

"ಒದೀಬೇಕಾದ ಕಡೆ ಒದೀಲಿಲ್ಲ. ನನಗೆ ಗೊತ್ತಾಗಲ್ವಾ? ದಿನಾ ನಿನ್ನ ಒದೆ ತಿಂತಿರೋಳು ನಾನು."

ಸೊಸೆ ತಲೆ ತಗ್ಗಿಸಿದಳು. ತುಂಬಿದ ಜನರ ಮುಂದೆ ಹಿರಿಯರನ್ನು ಬೀಳಿಸಲು ಅವಳಿಗೆ ಕೈ ಬಂದಿರಲಿಲ್ಲ.

ಎರಡನೆಯ ಆಟ ಶುರುವಾದೊಡನೆ ಟೀಚರ್ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರು. ಗೂಳಿ ಮರದ ಹಾಗೆ ನಿಂತ. ಅಂಗಡಿಯಲ್ಲಿ ಗುಸುಗುಸು. ಸೊಸೆಗೆ ಬೇರೆ ದಾರಿಯಿರಲಿಲ್ಲ, ಒದ್ದು ಗೆದ್ದಳು.

"ಈಗ ಸಮ ಆಯ್ತು," ಅಂದರು ಟೀಚರ್ ಕಂಟ್ರೋಲರ್ ಎತ್ತಿಕೊಂಡು. "ಇನ್ನು ಆಡು. ನಿನ್ನ ಆಟ ಏನು ಅಂತ ಇವರೆಲ್ಲರಿಗೂ ಗೊತ್ತು. ನನಗೂ ತೋರಿಸು."

ಸೊಸೆ ತೋರಿಸಿದಳು. ಮನೆಯಲ್ಲಿ ಎಂದೂ ಆಡದ ಹಾಗೆ ಆಡಿದಳು. ಗೂಳಿಗೆ ಉಸಿರಾಡಲು ಬಿಡಲಿಲ್ಲ. ಕೊನೆಕೊನೆಗೆ ಅವನ ಜೀವ ಎಳೆಯಷ್ಟೇ ಉಳಿದಿತ್ತು. ಟೀಚರ್ ತಡೆದರು, ಮತ್ತೆ ತಡೆದರು, ನಿಂತು ತಡೆದರು, ಕೂತು ತಡೆದರು. ಒದೆಗಾರ್ತಿ ಕೊನೆಯ ಏಟಿಗೆ ಮುನ್ನುಗ್ಗಿದಾಗ ಗೂಳಿ ಅವಳ ತಲೆಯ ಮೇಲಿಂದ ಹಾರಿದ. ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಟೀಚರ ಹೆಬ್ಬೆರಳು ಸುತ್ತು ಮುಗಿಸಿತ್ತು. ಹಿಡಿದ, ಎತ್ತಿದ, ಎಸೆದ. ಅವಳು ಏಳುತ್ತಿದ್ದಂತೆ ಮತ್ತೊಮ್ಮೆ ಹಿಡಿದ.

ಕುರ್ಚಿಗಳೆಲ್ಲ ಒಮ್ಮೆಗೇ ಹಿಂದೆ ಸರಿದ ಸದ್ದು. ಎಲ್ಲರೂ ಎದ್ದು ನಿಂತಿದ್ದರು. ಸೊಸೆಯ ಕಿವಿ ಒಂದು ಕ್ಷಣ ಬಿಸಿಯಾಯಿತು. ಅಂಥ ಆಟ ಆಡಿ ಸೋತದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಮರುಕ್ಷಣ ಅತ್ತೆಯ ಕೈಯನ್ನು ಮೇಲಕ್ಕೆತ್ತಿ ಹಿಡಿದಳು.

"ನಮ್ಮತ್ತೆ," ಅಂದಳು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. "ನಾನೇ ಕಲಿಸಿದ್ದು ಅನ್ಕೋಬೇಡಿ. ಪಟ್ಟು ಅವರದೇ."

ಮುಂದಿನ ಪಂದ್ಯದಲ್ಲಿ ದೂರದಿಂದ ಬೆಂಕಿ ಉಗುಳುವ ಪಾತ್ರದವನೊಬ್ಬ ಗೂಳಿಯನ್ನು ಹತ್ತಿರಕ್ಕೇ ಬಿಡದೆ ಸುಟ್ಟುಹಾಕಿದ. ಟೀಚರ್ ಅವನ ಬೆನ್ನು ತಟ್ಟಿ, ಎಲ್ಲಿ ತಪ್ಪಿದೆನೆಂದು ಅವನನ್ನೇ ಕೇಳಿ ತಿಳಿದುಕೊಂಡರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಯಾರೋ ಕೋಲು ನೋಡಿ ಎದ್ದು ಜಾಗ ಕೊಟ್ಟರು. ಟೀಚರ್ ಕೂರಲಿಲ್ಲ. ಕಂಬಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಸೊಸೆಯ ಪಕ್ಕದಲ್ಲೇ ನಿಂತರು.

"ಆ ಬೆಂಕಿಯವನು ಉಗುಳೋಕೆ ಮುಂಚೆ ಭುಜ ಎತ್ತುತ್ತಾನೆ, ನೋಡಿದ್ಯಾ?" ಅಂದರು.

"ನೋಡಿದೆ," ಅಂದಳು ಸೊಸೆ. "ನಾಳೆ ಮನೇಲಿ ನಾನೇ ಆ ಬೆಂಕಿ ಪಾತ್ರ ತಗೊಂಡು ಆಡ್ತೀನಿ. ನೀವು ತಡೀರಿ."