ದುವಾಗಳ ನಡುವೆ ಒಂದು ಜಗಳ

ಮುದಸ್ಸಿರ್ ತೀರಿಕೊಂಡು ಏಳು ತಿಂಗಳಾದ ಮೇಲೆ, ಅವನ ಪುಸ್ತಕ ಪ್ರಕಟಿಸಿದ್ದ ಸುರೇಶ್, ಕೆ.ಆರ್. ನಗರದಿಂದ ಅವನ ಹೆಂಡತಿ ಖುರ್ಷೀದಾಳಿಗೆ ಫೋನ್ ಮಾಡಿದರು.

"ಬೇಜಾರ್ ಮಾಡ್ಕೋಬೇಡಿ ಖುರ್ಷೀದಮ್ಮ. ನಿಮ್ಮ ಯಜಮಾನ್ರ ಪುಸ್ತಕದ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ. ನಮ್ಮಂಥ ಸಣ್ಣ ಪ್ರಕಾಶನಕ್ಕೆ ಪೇಪರ್‌ನೋರು ಬರೆಯಲ್ಲ, ಓದಿದೋರೇ ಬರೀಬೇಕು. ಯಾರೂ ಮಾತಾಡದ ಪುಸ್ತಕನ ಅಂಗಡಿಯೋರು ಇಟ್ಕೊಳ್ಳಲ್ಲ. ಹಿಂಗಾದ್ರೆ ಅವರ ಎರಡನೇ ಪುಸ್ತಕದ ಹಸ್ತಪ್ರತಿ ವಾಪಸ್ ಕಳಿಸ್ಬೇಕಾಗುತ್ತೆ."

ಹುಣಸೂರಿನಲ್ಲಿ ಬಾಗಿಲು ಕಿಟಕಿ ಮಾಡುತ್ತಿದ್ದ ಬಡಗಿ ಮುದಸ್ಸಿರ್, ಊಟದ ಬಿಡುವಿನಲ್ಲಿ ಕಥೆ ಬರೆಯುತ್ತಿದ್ದ. ಒಮ್ಮೆ ಅವನು ಹೆಣವಾಗಿ ಆಂಬುಲೆನ್ಸಿನಲ್ಲಿ ಮನೆಗೆ ವಾಪಸು ಬಂದಿದ್ದ. ಇನ್ನೊಮ್ಮೆ, ಹಸ್ತಪ್ರತಿಯಾಗಿ, ಹಾಗೆ ವಾಪಸು ಬರುವುದು ಅವಳಿಗೆ ಬೇಡವಾಗಿತ್ತು.

"ನಮ್ಮೋರೇ ಇಷ್ಟು ಜನ ಇದ್ದೀವಲ್ಲ ಭಾಬಿ" ಎಂದು ನಾದಿನಿ ಇಕ್ರಾ, ಪುಸ್ತಕ ಮಾರುವ ಪುಟದ ಲಿಂಕನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದಳು.

ಸಂಜೆಯೊಳಗೆ ನಲವತ್ತು ಜನ ಬರೆದರು. ಎಲ್ಲರದೂ ಐದೈದು ನಕ್ಷತ್ರ. "ಅಲ್ಲಾಹ್ ಜನ್ನತ್ ಕೊಡಲಿ, ಆಮೀನ್." "ಅವನ ಖಬರಿನಲ್ಲಿ ಬೆಳಕಿರಲಿ." ಪಿರಿಯಾಪಟ್ಟಣದ ಚಿಕ್ಕಪ್ಪ ಅಬ್ದುಲ್ ರಹಮಾನ್, ಮೈಯತ್ತಿನ ದಿನ ಮಣ್ಣಿಗೆ ಬರಲಾಗದ್ದಕ್ಕೆ ಮಾಫಿಯನ್ನೂ ಅಲ್ಲೇ ಕೇಳಿದ್ದರು. ಪುಸ್ತಕದ ಮಾತು ಎಲ್ಲೂ ಇರಲಿಲ್ಲ.

ಖುರ್ಷೀದಾ ಪುಟ ಸರಿಸುತ್ತ ಹೋದಳು. ಹೆಂಗಸರು ಹೋಗುವ ರೂಢಿಯಿಲ್ಲದ್ದರಿಂದ, ಅವನನ್ನು ಮಣ್ಣು ಮಾಡಿದ ಜಾಗವನ್ನು ಅವಳು ನೋಡಿರಲಿಲ್ಲ. ಈಗ ನೋಡಿದಂತಾಯಿತು.

"ಇದು ಪುಸ್ತಕದ ಪುಟಾನೋ, ಖಬರಸ್ತಾನೋ?" ಎಂದು ಫೋನಿನಲ್ಲಿ ಕೇಳಿದ ಸುರೇಶ್, ತಕ್ಷಣ ನಾಲಿಗೆ ಕಚ್ಚಿಕೊಂಡರು.

ಮೂರು ದಿನಕ್ಕೆ ಅದೇ ಪುಟದಲ್ಲಿ ಇನ್ನೊಂದು ಅಭಿಪ್ರಾಯ ಬಂತು. ಎರಡೇ ನಕ್ಷತ್ರ.

"ಸತ್ತೋರ ಮೇಲೆ ಕೋಪ ಮಾಡ್ಕಬಾರ್ದು ಅಂತಾರೆ. ನಂಗೆ ಬಂದದೆ. ಮೂರನೇ ಕಥೇಲಿ ಬೆಂಕಿ ಕಾವಲ್ಲಿ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆಯೊಳಗೆ ಹುಡುಗೀನ ಬುಟ್ಟು, ಹೊರಗಿಂದ ಚಿಲಕ ಹಾಕಿ ಕಥೆ ಮುಗಿಸ್ಬುಟ್ಟವ್ರೆ. ನಮ್ಮಜ್ಜಿ ಬೊಮ್ಮಮ್ಮಂಗೆ ಓದಿ ಹೇಳ್ದೆ. ಬಾಗ್ಲು ತೆಗುದ್ರಾ ಅಂತ ನಾಕು ದಿನದಿಂದ ಕೇಳ್ತಾವ್ಳೆ. ಏನು ಹೇಳ್ಲಿ? ಸವಿತಾ, ಹ್ಯಾಂಡ್‌ಪೋಸ್ಟ್ ಹತ್ರದ ಹಾಡಿ."

"ಏನು ಕೊಬ್ಬು ನೋಡಿ ಇವಳಿಗೆ! ರಿಪೋರ್ಟ್ ಮಾಡಿ ತೆಗೆಸ್ತೀನಿ" ಎಂದಳು ಇಕ್ರಾ.

"ಬೇಡ."

"ಎರಡೇ ಸ್ಟಾರ್ ಕೊಟ್ಟಿದಾಳೆ ಭಾಬಿ!"

"ಓದಿದಾಳೆ. ನೀನು ಓದಿದ್ಯಾ?"

ಇಕ್ರಾ ದುಪಟ್ಟಾ ಸರಿಮಾಡಿಕೊಂಡಳು.

ಖುರ್ಷೀದಾ ಸವಿತಾಳ ಮಾತಿನ ಕೆಳಗೆ ಬರೆದಳು: "ನಾನು ಅವರ ಹೆಂಡತಿ. ಇದನ್ನೇ ಕೇಳಿದ್ದೆ. ನನಗೂ ಹೇಳಲಿಲ್ಲ."

ಅಲ್ಲಿಂದ ಜಗಳ ಶುರುವಾಯಿತು. ಬಾಗಿಲು ತೆಗೆದೇ ತೆಗೆದಿರುತ್ತಾರೆ ಎಂದು ಹಾರನಹಳ್ಳಿಯ ಮಾದೇವ ಮೇಷ್ಟ್ರು ವಾದಿಸಿದರು. "ಬ್ಯಾರನ್ನಿಗೆ ಏರ್ಸಾಕೆ ಸೊಪ್ಪು ಕಟ್ಟಿದ್ದೀರಾ ಮೇಷ್ಟ್ರೇ? ಆ ಕಾವಲ್ಲಿ ಯಾರೂ ಉಳಿಯಾಕಿಲ್ಲ ಕಣ್ರೀ" ಎಂದು ಸುಂದ್ರಮ್ಮ ಎಂಬಾಕೆ ಯಾರ ಕೈಲೋ ಬರೆಸಿದಳು. ಏನಾಯಿತೆಂದು ತಾವೇ ನೋಡಲು ಪುಸ್ತಕ ತರಿಸಿಕೊಂಡವರು ಬಂದು ಇನ್ನಷ್ಟು ಕಿತ್ತಾಡಿದರು. ಯಾರೂ ಈಗ ಜನ್ನತ್ತಿನ ಮಾತೆತ್ತುತ್ತಿರಲಿಲ್ಲ.

"ಜನ ಹೊಡೆದಾಡ್ತಾವ್ರೆ ಖುರ್ಷೀದಮ್ಮ! ಎರಡನೇದು ಅಚ್ಚಿಗೆ ಹಾಕ್ತೀನಿ. ಕರಡು ನೀವೇ ನೋಡ್ಕೊಡಿ" ಎಂದರು ಸುರೇಶ್.

ಕರಡಿನ ಕಟ್ಟು ಬಂತು. ತಿದ್ದಿದ ಹುಡುಗಿ ಕೆಲಸಕ್ಕೆ ಹೊಸಬಳು. ಲೇಖಕ ತೀರಿಕೊಂಡದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹನ್ನೆರಡನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ಅರ್ಥ ಸ್ಪಷ್ಟವಿಲ್ಲ. ಲೇಖಕರನ್ನು ಕೇಳಿ.

ಖುರ್ಷೀದಾ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಅವನ ಉತ್ತರಕ್ಕೆ ಕಾದಳು.