ಮೂರನೆಯ ಡ್ರಾಯರ್

ಮೂವರು ವ್ಯಂಗ್ಯಚಿತ್ರಕಾರರು ಸೇರಿ ಬಳಗ ಕಟ್ಟಿದಾಗ ಒಪ್ಪಿಕೊಂಡ ನಿಯಮ ಒಂದೇ. ತನ್ನ ಚಿತ್ರಕ್ಕೆ ತಾನೇ ನಕ್ಕವನು ಎಲ್ಲರ ಲೋಟ ತೊಳೆಯಬೇಕು. ಬಳಗಕ್ಕೆ ಹೆಸರಿಡುವ ವಿಷಯದಲ್ಲಿ ಒಮ್ಮತ ಬರಲಿಲ್ಲ. ನಾಲ್ಕು ಸಭೆ, ಒಂದು ಮುನಿಸು ಆದಮೇಲೆ ಅದನ್ನು ಕೈಬಿಟ್ಟರು.

ಬಾಡಿಗೆ ಕೋಣೆ ಮುದ್ರಣಾಲಯದ ಮೇಲಿತ್ತು. ಕೆಳಗೆ ಯಂತ್ರ ಓಡಿದರೆ ಮೇಲೆ ಗೆರೆ ನಡುಗುತ್ತಿತ್ತು. ಆ ನಡುಕವನ್ನು ಮೂವರಲ್ಲಿ ಮೊದಲನೆಯವರಾದ ಹಲ್ಲಿನ ಡಾಕ್ಟರು ತಮ್ಮ ಶೈಲಿ ಎಂದು ಹೇಳಿಕೊಳ್ಳುತ್ತಿದ್ದರು. ಎರಡನೆಯವನು ಮೂಗಪ್ಪ. ಅವನು ಯಾರನ್ನು ಬರೆದರೂ ಮೂಗೇ ಮುಂದೆ. ಒಮ್ಮೆ ಕುರ್ಚಿಗೂ ಬಂದುಬಿಟ್ಟಿತ್ತು. ಮೂರನೆಯವರು, ಆಮೇಲೆ ಬಳಗಕ್ಕೆ ಅಕ್ಷರ ಬರೆಯಲು ಬಂದವಳ ಭಾವ, ಅವಳ ತೀರಿಕೊಂಡ ಗಂಡನ ಅಣ್ಣ.

ಮೂವರ ಕೈಬರಹವೂ ದೇವರಿಗೇ ಪ್ರೀತಿ. ಪಾತ್ರಗಳ ಬಾಯಿಂದ ಹೊರಡುವ ಬಲೂನಿನೊಳಗೆ ಮಾತು ಬರೆಯಲು ಒಬ್ಬರು ಬೇಕಿತ್ತು.

"ನಿನ್ನ ಅಕ್ಷರ ಮುತ್ತಿನ ಹಾಗಿದೆ, ಬಂದು ಕೂತ್ಕೋಮ್ಮ" ಎಂದು ಭಾವ ಕರೆದರು.

ಗಂಡ ಹೋಗಿ ಆರು ತಿಂಗಳಾಗಿತ್ತು. ಅವಳನ್ನು ಕಂಡೊಡನೆ ಎಲ್ಲರ ದನಿ ಹತ್ತಿಯಂತೆ ಮೆತ್ತಗಾಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಅವಳ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ಅದ್ದಿ ತೆಗೆದಿದ್ದ ಪ್ರೊಫೆಸರು ಕೂಡ ಬಂದು, "ನೀನು ಬರೆದಿದ್ದೆಲ್ಲ ಚೆನ್ನಾಗಿತ್ತಮ್ಮ" ಎಂದು ಹೋಗಿದ್ದರು. ಎಲ್ಲದಕ್ಕೂ ಜಗಳವಾಡುವ ಈ ಮೂವರ ನಡುವೆ ತನಗೂ ಒಂದು ಬೈಗುಳ ಸಿಕ್ಕೀತು ಎಂಬ ಆಸೆಯಿಂದ ಅವಳು ಹೋದಳು.

ಸಿಗಲಿಲ್ಲ. ಸಾಲು ಸೊಟ್ಟಗಾದರೆ "ಪರವಾಗಿಲ್ಲ ತಂಗಿ" ಎನ್ನುತ್ತಿದ್ದರು. ಲೋಟ ಮುಟ್ಟಲು ಹೋದರೆ ಮೂವರೂ ಎದ್ದು ನಿಲ್ಲುತ್ತಿದ್ದರು. ಮೇಜಿನ ಮೂರನೆಯ ಡ್ರಾಯರಿಗೆ ಕೈ ಹಾಕಿದರೆ, "ಅದು ಬಿಗಿ, ತೆಗೆಯೋಕೆ ಬರಲ್ಲ" ಎಂದು ಒಕ್ಕೊರಲಿನಿಂದ ಹೇಳುತ್ತಿದ್ದರು. ಬೇರೆ ಯಾವ ವಿಷಯದಲ್ಲೂ ಅವರು ಒಕ್ಕೊರಲಾದದ್ದಿಲ್ಲ.

ಮೂರು ತಿಂಗಳು ಅವಳು ಛತ್ರಿ, ಬೆಕ್ಕು, ಬಸ್ಸುಗಳ ಬಲೂನು ತುಂಬಿದಳು. ಮೊದಲ ಸಂಚಿಕೆಯ ಎಂಟು ಪುಟ ಶನಿವಾರ ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗಬೇಕಿತ್ತು. ಅಂದು ಮಧ್ಯಾಹ್ನ ಮುದ್ರಕ ಮೇಲೆ ಬಂದು ಹಾಳೆ ತಿರುವಿದ. ಮುಖಪುಟದಲ್ಲಿ ಛತ್ರಿ ಹಿಡಿದವನೊಬ್ಬ "ಇವತ್ತು ಮಳೆ ಇಲ್ಲ" ಎನ್ನುತ್ತಿದ್ದ.

"ಇದು ಹಾಸ್ಯ ಪತ್ರಿಕೆನಾ, ಹವಾಮಾನ ವರದಿನಾ?" ಎಂದ ಮುದ್ರಕ. "ಅವತ್ತು ಆಸ್ಪತ್ರೆ ಚಿತ್ರಗಳನ್ನ ತೋರಿಸಿದ್ರಲ್ಲ, ಮಾತನ್ನ ಬಾಯಲ್ಲೇ ಹೇಳಿದ್ರಲ್ಲ, ನಾನು ನಕ್ಕು ನಕ್ಕು ಮಸಿ ಡಬ್ಬಿ ಚೆಲ್ಲಿದ್ದೆ. ಅವೆಲ್ಲಿ? ಇದನ್ನ ಹಾಕಿದ್ರೆ ನನ್ನ ಮಾನ ಹೋಗುತ್ತೆ. ನಾನು ಹಾಕಲ್ಲ."

ಅವನು ಇಳಿದು ಹೋದ. ಮೂಗಪ್ಪ ಫ್ಯಾನು ನೋಡಿದ. ಡಾಕ್ಟರು ತಮ್ಮ ಹಲ್ಲನ್ನು ತಾವೇ ಪರೀಕ್ಷಿಸಿಕೊಂಡರು.

"ಯಾವ ಆಸ್ಪತ್ರೆ ಚಿತ್ರ, ಭಾವ?"

"ಯಾವುದೋ ಹಳೇದಮ್ಮ."

ಅವಳು ಮೂರನೆಯ ಡ್ರಾಯರನ್ನು ಎಳೆದಳು. ಎಣ್ಣೆ ಹಚ್ಚಿದಂತೆ ಜಾರಿ ಬಂತು. ಒಳಗೆ ಹದಿನೇಳು ಚಿತ್ರಗಳಿದ್ದವು. ವೈದ್ಯರು, ಮಂಚಗಳು, ವಿಮೆ ಏಜೆಂಟರು, ಹೆಣ ಹೊರುವವರು. ಬಲೂನುಗಳೆಲ್ಲ ಖಾಲಿ. ತುಂಬಬೇಕಾದವಳು ಅವಳು. ಅವಳನ್ನು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ನಿಮಗೆ ನೋವಾಗುತ್ತೆ ಅಂತ..." ಎಂದರು ಡಾಕ್ಟರು.

"ನಿಮ್ಮ ಬೆಕ್ಕುಗಳಿಂದ ಆಗಿದ್ದಕ್ಕಿಂತ ಜಾಸ್ತಿ ಆಗಲ್ಲ" ಎಂದು ಅವಳು ಪೆನ್ನು ತೆಗೆದಳು.

ಮಾತುಗಳನ್ನು ಹಾಳೆಗಳ ಹಿಂದೆ ಪೆನ್ಸಿಲ್ಲಿನಲ್ಲಿ ಗೀಚಿದ್ದರು. ಡಾಕ್ಟರ ಅಕ್ಷರ ತಿಳಿಯಲಿಲ್ಲ. "ಈ ವೈದ್ಯ ರೋಗಿಗೆ ಏನು ಹೇಳ್ತಿದ್ದಾನೆ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಅದು... 'ರಿಪೋರ್ಟೆಲ್ಲ ಚೆನ್ನಾಗಿದೆ, ನೀವೇ ಸರಿಯಿಲ್ಲ' ಅಂತ."

"'ಸರಿಯಿಲ್ಲ' ಕೂಡಿಸಿ ಬರೀಲಾ, ಬಿಡಿಸಿ ಬರೀಲಾ?"

"ಕೂಡಿಸಿ" ಎಂದರು, ಸದ್ಯ ಬದುಕಿಕೊಂಡೆ ಎಂಬಂತೆ.

ಕೊನೆಯದು ಭಾವನ ಚಿತ್ರ. ಒಂದು ಕೋಣೆಯ ತುಂಬ ಜನ, ನಡುವೆ ಕುರ್ಚಿಯಲ್ಲಿ ಒಬ್ಬ ಹೆಂಗಸು. ಆ ಕುರ್ಚಿ ಅವಳಿಗೆ ಗೊತ್ತಿತ್ತು. ಗೋಡೆಯ ಗಡಿಯಾರವೂ ತನ್ನ ಮನೆಯದೇ. ದಪ್ಪಗಿನ ಹಿರಿಯಳೊಬ್ಬಳು ಆ ಹೆಂಗಸಿನ ಕೈ ಹಿಡಿದು ಏನೋ ಹೇಳುತ್ತಿದ್ದಳು. ಹಾಳೆಯ ಹಿಂದೆ ಏನೂ ಇರಲಿಲ್ಲ.

"ಮಾತು ಹೊಳೀಲಿಲ್ಲ" ಎಂದರು ಭಾವ, ತಲೆ ಎತ್ತದೆ. "ಕೊಡಮ್ಮ, ಹರಿದುಹಾಕ್ತೀನಿ."

ಅವಳು ಕೊಡಲಿಲ್ಲ. ಗಂಡ ಹೋದ ದಿನ ಆ ಹಿರಿಯಳು ಮಾತಾಡಿದಾಗ ಭಾವ ಹೊರಗೆ ಕುರ್ಚಿ ತರಲು ಹೋಗಿದ್ದರು. ಕೇಳಿಸಿಕೊಂಡವಳು ಅವಳೊಬ್ಬಳೇ. ಇದ್ದದ್ದನ್ನು ಇದ್ದಹಾಗೆ ಬರೆದಳು:

"ನೀನು ಏನೂ ಮಾಡೋಕೆ ಹೋಗ್ಬೇಡ ಮಗಳೇ, ಸುಮ್ನೆ ಕೂತಿರು. ಟೀಗೆ ಸಕ್ಕರೆ ಮಾತ್ರ ಕಮ್ಮಿ ಹಾಕು."

ಭಾವ ಓದಿದರು. ಅವರ ಹೆಗಲು ಅಲುಗತೊಡಗಿತು. "ನಮ್ಮ ಸೋದರತ್ತೆನಾ?"

"ಹೂಂ. ಎರಡು ಲೋಟ ಕುಡಿದ್ರು."

ಭಾವ ನಗು ತಡೆಯಲಾರದೆ ನೆಲದ ಮೇಲೇ ಕೂತುಬಿಟ್ಟರು. ಅವಳಿಗೂ ನಗು ಬಂತು. ಸಣ್ಣದು, ಕೆಮ್ಮಿನಂಥದು. ಮೂವರೂ ತಟ್ಟನೆ ಅವಳ ಕಡೆ ತಿರುಗಿದರು. ಕೋಣೆ ಮತ್ತೆ ಹತ್ತಿಯಾಗುತ್ತದೆಂದು ಅವಳಿಗೆ ಭಯವಾಯಿತು.

"ಮಾತು ಯಾರದು?" ಎಂದ ಮೂಗಪ್ಪ.

"ನಾನು ಬರೆದಿದ್ದು."

"ನಕ್ಕಿದ್ದು?"

"ನಾನೇ."

"ಹಾಗಾದ್ರೆ ಲೋಟ ತೊಳೀರಿ. ಮತ್ತೆ ಈ ಸಾಲು ನೋಡಿ, ಇಳಿಜಾರಲ್ಲಿ ಸೈಕಲ್ ಬಿಟ್ಟ ಹಾಗಿದೆ. ಇಷ್ಟು ಓದಿದೋರಿಗೆ ಒಂದು ಸಾಲು ನೆಟ್ಟಗೆ ಬರೆಯೋಕೆ ಬರಲ್ವಾ?"

"ಏಯ್ ಮೂಗಪ್ಪ..." ಎಂದರು ಭಾವ.

"ಏನ್ ಮೂಗಪ್ಪ? ಛತ್ರಿ ಬೇಡ, ಇನ್ನು ಮುಖಪುಟ ಇದೇ." ಅವನು ಹಾಳೆಗಳನ್ನು ಬಾಚಿಕೊಂಡು ದಡದಡ ಕೆಳಗಿಳಿದ.

ಅವಳು ನಾಲ್ಕು ಲೋಟಗಳನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ನಲ್ಲಿಯ ಬಳಿ ಹೋದಳು. "ಡಾಕ್ಟ್ರೇ, ನಿಮ್ಮ ಲೋಟದಲ್ಲಿರೋದು ಟೀನಾ, ಬ್ರಶ್ ತೊಳೆದ ನೀರಾ?"

"ಅರ್ಧ ಕುಡಿದ ಮೇಲೂ ನಂಗೆ ಗೊತ್ತಾಗ್ಲಿಲ್ಲ."

ಆಗ ಕೆಳಗಿನಿಂದ ಮುದ್ರಕನ ನಗು ಕೇಳಿತು. ಹಿಂದೆಯೇ ಏನೋ ಡಬ್ಬಿ ಉರುಳಿದ ಸದ್ದು.

"ಮಸಿ" ಎಂದರು ಭಾವ.