ಬೋಣಿಗೆ ಓದದ ಮಷೀನು

ಅನುಶ್ರೀ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗಳನ್ನು ಒಂದೊಂದಾಗಿ ಒರೆಸಿ, ಚೀಟಿ ಅಂಟಿಸಿ, ಸಾಲಾಗಿ ಇಡುತ್ತಿದ್ದಳು. ಪಕ್ಕದಲ್ಲಿ ಹಪ್ಪಳದ ಕಟ್ಟು ಕಟ್ಟುತ್ತಿದ್ದ ಅಂಗಡಿಯೊಡತಿ ಪರಿಮಳಕ್ಕ ಹೇಳಬೇಕಾದ್ದನ್ನು ನಿನ್ನೆ ಸಂಜೆಯೇ ಹೇಳಿ ಮುಗಿಸಿದ್ದಳು. ಸೋಮವಾರದಿಂದ ಕಾನಸೂರಿನಲ್ಲಿರುವ ತನ್ನ ತಂಗಿಯ ಮಗಳು ಅಭಿಜ್ಞಾ ಗಲ್ಲೆಯಲ್ಲಿ ಕೂರುತ್ತಾಳೆ. ಅನುಶ್ರೀ ಹಿಂದಿನ ಕೋಣೆಯಲ್ಲಿ ಬಾಟಲಿ ತೊಳೆದುಕೊಂಡಿದ್ದರಾಯಿತು.

ಕಾರಣ ಕಾರ್ಡ್ ಮಷೀನು. ಶಿರಸಿ ಬಸ್‌ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಅಂಗಡಿಗೆ ಮಷೀನು ಬಂದದ್ದೂ ಅನುಶ್ರೀ ಗಲ್ಲೆಗೆ ಬಂದದ್ದೂ ಒಂದೇ ವಾರ. ಅಂದಿನಿಂದ ದಿನದ ಮೊದಲ ವ್ಯಾಪಾರ ಕಾರ್ಡಿನಲ್ಲಾದರೆ ಬೋಣಿ ಕೆಟ್ಟಿತೆಂದೇ ತಿಳಿಯಬೇಕು. ಗಿರಾಕಿ ಕಾರ್ಡ್ ತೂರಿಸಿದೊಡನೆ ಅದು ಕುಂಯ್ ಎಂದು, ಕಾರ್ಡ್ ಓದಲಾಗುತ್ತಿಲ್ಲ ಎಂದು ತೋರಿಸುತ್ತಿತ್ತು. ಮಷೀನು ತಂದುಕೊಟ್ಟ ಶಾಕಿರ್ ಯಲ್ಲಾಪುರದ ಅಂಗಡಿಗಳನ್ನು ಮುಗಿಸಿಕೊಂಡು ಮೂರು ಸಲ ಬಂದಿದ್ದ. ಬಂದದ್ದೆಲ್ಲ ಮಧ್ಯಾಹ್ನವೇ, ಮೂರು ಸಲವೂ ಅದು ಚೆನ್ನಾಗಿಯೇ ನಡೆದಿತ್ತು. ಮಷೀನಿನದಲ್ಲದಿದ್ದರೆ ತಪ್ಪು ಯಾರದು?

"ಕೈಗುಣ ಅಂಬುದು ಸುಳ್ಳಲ್ಲ ಮಾರಾಯ್ತಿ," ಎಂದಿದ್ದಳು ಪರಿಮಳಕ್ಕ, ಬೈಯದೆ, ಮೆಲ್ಲಗೆ.

ಎಂಟನೇ ತರಗತಿಗೆ ಶಾಲೆ ಬಿಟ್ಟ ಅನುಶ್ರೀಗೆ ಆ ಗಲ್ಲೆ ಬೇಕಿತ್ತು. ಅಲ್ಲಿ ಕೂತರೆ ಬೀದಿ ಕಾಣುತ್ತಿತ್ತು, ಜನ ಅವಳನ್ನೇ ಕೇಳಿ ಸಾಮಾನು ಒಯ್ಯುತ್ತಿದ್ದರು. ವಾದಿಸುವ ಬಾಯಿ ಅವಳಿಗಿರಲಿಲ್ಲ, ನೋಡುವ ಕಣ್ಣಿತ್ತು. ಮಷೀನು ಕೈಕೊಟ್ಟ ದಿನ, ಹೊತ್ತು ಎರಡನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಂಡಿದ್ದಳು. ಎಲ್ಲವೂ ಬೆಳಗಿನ ಹತ್ತರೊಳಗೆ. ನಡುವೆ ಸಾಲಾಗಿ ಮೂರು ಬೆಳಗು ಮಾತ್ರ ಅದು ಸರಿಯಾಗಿತ್ತು. ಆ ಮೂರು ದಿನವೂ ಗಲ್ಲೆಯಲ್ಲಿದ್ದವಳು ಇವಳೇ. ಹಾಗಾದರೆ ಆಗ ಕೈಗುಣ ಎಲ್ಲಿಗೆ ಹೋಗಿತ್ತು?

ನೆನಪು ಕೆದಕಿದಾಗ ಸಿಕ್ಕಿತು. ಉಮ್ಮಚಗಿಯ ದಾಯಾದಿಗಳ ಮನೆಯಲ್ಲಿ ಅಜ್ಜ ತೀರಿಕೊಂಡು ಪರಿಮಳಕ್ಕನಿಗೆ ಮೂರು ದಿನದ ಸೂತಕ. ಅಂಗಡಿಗೆ ಬಂದಿದ್ದಳು, ಪೂಜೆ ಮಾಡಿರಲಿಲ್ಲ. ಇದು ಹೊಳೆದ ಕೂಡಲೇ ಅನುಶ್ರೀ ಧೈರ್ಯ ಮಾಡಿ ಶಾಕಿರ್‌ಗೆ ಫೋನು ಹಚ್ಚಿ, ಈ ಸಲ ಬೆಳಿಗ್ಗೆಯೇ ಬರಲು ಹೇಳಿದ್ದಳು.

ಬಾಟಲಿಗಳು ಮುಗಿದವು. ಪರಿಮಳಕ್ಕ ಎದ್ದು ಕೈ ತೊಳೆದು ದೀಪ ಹಚ್ಚಿದಳು. ಚೆಂಬಿನ ನೀರಿನಲ್ಲಿ ಅದ್ದಿಟ್ಟ ದಾಸವಾಳ ಪಟಕ್ಕೊಂದು, ತಕ್ಕಡಿಗೊಂದು. ಲಕ್ಷ್ಮಿ ಬರುವ ದಾರಿಯೆಂದು ಮಷೀನಿಗೂ ಒಂದು. ಬೀಳದಿರಲೆಂದು ಅದರ ತೊಟ್ಟನ್ನು ಕಾರ್ಡ್ ತೂರಿಸುವ ಸೀಳಿನಲ್ಲಿ ಸಿಕ್ಕಿಸಿದಳು. ತೊಟ್ಟಿನಿಂದ ಒಂದು ಹನಿ ಒಳಗಿಳಿಯಿತು. ದಿನವೂ ಗಿರಾಕಿ ಬಂದಾಗ ಆ ಹೂ ತೆಗೆದಿಡುತ್ತಿದ್ದವಳು ಅನುಶ್ರೀ. ಸೀಳಿನೊಳಗೆ ಮಾತ್ರ ಯಾವತ್ತೂ ಇಣುಕಿರಲಿಲ್ಲ.

ಶಾಕಿರ್ ಬಂದ. ಅನುಶ್ರೀ ಹೂ ತೆಗೆದು, ತನ್ನ ಕಾರ್ಡನ್ನು ತೂರಿಸಿದಳು. ಕುಂಯ್. ಹೊರಗೆಳೆದು ತೋರಿಸಿದಳು: ಕಾರ್ಡಿನ ಬಂಗಾರದ ಬಣ್ಣದ ಚಿಪ್‌ನ ಮೇಲೆ ನೀರು. ಅವನು ಮಷೀನು ಆಫ್ ಮಾಡಿದ. ಹಳೆಯ ಕಾರ್ಡಿಗೆ ತೆಳು ಬಟ್ಟೆ ಸುತ್ತಿ ಸೀಳಿನಲ್ಲಿ ನಾಲ್ಕು ಸಲ ಎಳೆದ, ಬಟ್ಟೆ ತೊಟ್ಟಿನ ರಸಕ್ಕೆ ಹಸಿರಾಯಿತು. ಫ್ಯಾನಿನ ಕೆಳಗೆ ಇಟ್ಟು ಚಾ ಕುಡಿದ. ಅಷ್ಟರಲ್ಲಿ ಸಿದ್ದಾಪುರದ ಬಸ್ಸಿಳಿದ ಮಾಸ್ತರರೊಬ್ಬರು ಜೇನು ಕೊಂಡು ಕಾರ್ಡ್ ಕೊಟ್ಟರು. ಮಷೀನು ಓದಿತು, ಚೀಟಿ ಬಂತು.

"ಹಾಳಾಗಿಲ್ಲ ಅಂತ ಮೂರು ಸಲ ಹೇಳಿದ್ದೆ ಪರಿಮಳಕ್ಕ," ಎಂದ ಶಾಕಿರ್ ನಗುತ್ತ. "ನೀವು ದಿನಾ ಬೆಳಿಗ್ಗೆ ಇದಕ್ಕೆ ಸ್ನಾನ ಮಾಡಿಸ್ತೀರಿ, ನಾನು ಬರೋ ಹೊತ್ತಿಗೆ ಒಣಗಿರ್ತದೆ ಅಂತ ನಂಗೇನು ಗೊತ್ತು?"

ಪರಿಮಳಕ್ಕ ನಗಲಿಲ್ಲ. ಆಗಲೇ ಕಟ್ಟಿದ್ದ ಹಪ್ಪಳದ ಕಟ್ಟನ್ನು ಬಿಚ್ಚಿ ಮತ್ತೆ ಎಣಿಸತೊಡಗಿದಳು. ಶಾಕಿರ್ ಬೈಕು ಹತ್ತಿ ಹೋದ. ಅನುಶ್ರೀ ತನ್ನ ದನಿ ತನಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು:

"ಸೋಮವಾರವೂ ನಾನೇ ಇಲ್ಲಿ ಕೂತ್ಕತ್ತೆ ಅಕ್ಕ. ಅಭಿಜ್ಞಂಗೆ ಒಂದು ಫೋನ್ ಮಾಡಿ ಹೇಳು."

ಪರಿಮಳಕ್ಕ ಎಣಿಸುತ್ತಲೇ ಫೋನನ್ನು ತನ್ನತ್ತ ಎಳೆದುಕೊಂಡಳು.